ನಡುವಿನ ಹೊಲಿಗೆಯ ಎಡಗಡೆ

ಸಿನಿಮಾದಲ್ಲಿ ಯಾರಾದರೂ ಸತ್ತರೆ ನಾನು ಮುಖ ನೋಡುವುದಿಲ್ಲ, ಹೊಟ್ಟೆ ನೋಡುತ್ತೇನೆ. ಭಾನುವಾರ ಸಂಜೆ ಟೀವಿಯ ಮುಂದೆ ಸೊಸೆ, ಮೊಮ್ಮಕ್ಕಳೆಲ್ಲ ಮೂಗು ಸೊರ ಸೊರ ಎನ್ನಿಸುತ್ತಾ ಕೂತಿರುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಉಸಿರಾಡ್ತಾವ್ನೆ ನೋಡ್ರೇ" ಎಂದುಬಿಡುತ್ತೇನೆ. "ಅಜ್ಜಿ, ನಿನ್ ಜೊತೆ ಪಿಚ್ಚರ್ ನೋಡೋದೇ ಬೇಡಪ್ಪ" ಎಂದು ಮೊಮ್ಮಗಳು ಎದ್ದು ಹೋಗುತ್ತಾಳೆ. ಈ ಕೆಟ್ಟ ಚಾಳಿ ನನ್ನ ಸ್ವಂತದ್ದಲ್ಲ. ನನ್ನ ನಾದಿನಿ ಪಿಳ್ಳಮ್ಮನಿಂದ ಅಂಟಿಕೊಂಡದ್ದು.

ಹೋದ ತಿಂಗಳು ದೊಡ್ಡಬಳ್ಳಾಪುರಕ್ಕೆ ಒಂದು ಮದುವೆಗೆ ಹೋಗಿದ್ದೆ. ಚಪ್ಪರದ ಕೆಳಗೆ ಮರಳು ಹರಡಿ, ಧೂಳು ಏಳಬಾರದೆಂದು ಬಿಂದಿಗೆಯಲ್ಲಿ ನೀರು ಚಿಮುಕಿಸುತ್ತಿದ್ದರು. ಬಿಸಿಲಿಗೆ ಕಾದ ಮರಳು ನೀರು ಕುಡಿದ ವಾಸನೆ, ಅದರ ಜೊತೆಗೆ ಬೀದಿಯಲ್ಲಿ ಯಾರೋ ಕಡಲೆಕಾಯಿ ಹುರಿಯುತ್ತಿದ್ದ ವಾಸನೆ. ನಾನು ಉಡುಗೊರೆ ಸೀರೆಯ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಹೆಣ್ಣಿನ ಕಡೆಯವರು ಪಾನಕ ಕೊಡಲು ಬಂದರೆ ನನಗೆ ಅವರು ಯಾರೆಂದೇ ತಿಳಿಯಲಿಲ್ಲ. ಅದು ಟೆಂಟಿನ ವಾಸನೆ. ಸಿನಿಮಾ ಟೆಂಟು ನಮ್ಮೂರಿಗೆ ಬಂದ ಆ ಒಂದು ಬೇಸಿಗೆಯ ವಾಸನೆ.

ಅದು ನಲವತ್ತನಾಲ್ಕನೇ ಇಸವಿ. ಯುದ್ಧ ನಡೆಯುತ್ತಿತ್ತು. ನೆಲಮಂಗಲದ ಕಡೆಯಿಂದ ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ನಾನು ಸೊಸೆಯಾಗಿ ಬಂದು ಒಂದೆರಡು ವರ್ಷವಾಗಿತ್ತು. ಮನೆಯಲ್ಲಿ ನಮ್ಮವರು, ನಮ್ಮತ್ತೆ, ಜೊತೆಗೆ ಗಂಡನ ಮನೆಯಿಂದ ಬಂದು ತವರಿನಲ್ಲಿ ಕೂತಿದ್ದ ಪಿಳ್ಳಮ್ಮ. ನಮ್ಮವರಿಗೆ ತಂಗಿ, ನನಗೆ ಓರಗೆಯವಳು. ಅವಳನ್ನು ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಕೊಟ್ಟಿತ್ತು. ಗಂಡ ಮುನಿಯಪ್ಪ ಒಳ್ಳೆಯ ನೇಕಾರ, ಹುಟ್ಟು ಎಡಚ. ಚಿಕ್ಕಂದಿನಲ್ಲಿ ಅವನಪ್ಪ ಹೊಡೆದು ಬಡಿದು ಬಲಗೈಯಲ್ಲಿ ಉಣ್ಣುವುದನ್ನೇನೋ ಕಲಿಸಿದ್ದರು. ನೀರಿನ ಚೊಂಬಿಗೆ ಮಾತ್ರ ಎಡಗೈಯೇ ಮುಂದಾಗುತ್ತಿತ್ತು. ಚೊಂಬು ಎತ್ತಿ, ಕತ್ತು ಹಿಂದಕ್ಕೆ ಹಾಕಿ, ತುಟಿಗೆ ತಾಗಿಸದೆ ಗಟಗಟ ಕುಡಿದು, ಬಾಯನ್ನು ಭುಜಕ್ಕೆ ಒರೆಸಿಕೊಳ್ಳುತ್ತಿದ್ದ. "ಎಡಗೈಲಿ ಕುಡೀಬ್ಯಾಡ್ರಪ್ಪಾ, ಮನೆಗೆ ಶನಿ" ಎಂದು ನಮ್ಮತ್ತೆ ಅಳಿಯನಿಗೆ ಹೇಳುವರು. ಅವನು ನಗುತ್ತಾ ಅದೇ ಕೈಯಲ್ಲಿ ಇನ್ನೊಂದು ಗುಟುಕು ಕುಡಿಯುವನು. ಪಿಳ್ಳಮ್ಮ ಬಾಗಿಲ ಮರೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುವಳು.

ಯುದ್ಧ ಬಂದು ನೂಲಿಗೆ ಬರ ಬಂತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸುಮ್ಮನೆ ಕೂರುವುದು ಮುನಿಯಪ್ಪನ ಕೈಲಾಗಲಿಲ್ಲ. ಸೈನ್ಯಕ್ಕೆ ಆಳು ಸೇರಿಸಿಕೊಳ್ಳುವ ಲಾರಿ ದೇವನಹಳ್ಳಿಗೆ ಬಂದ ದಿನ ಹತ್ತಿ ಹೊರಟೇಬಿಟ್ಟ. ಬರ್ಮಾದ ಕಡೆ ಹಾಕಿದರಂತೆ. ಮೊದಮೊದಲು ಏನಾದರೂ ಸುದ್ದಿ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಕೊನೆಗೆ ಸರ್ಕಾರದ ಕಾಗದ ಬಂತು, ಆಳು ಕಾಣೆಯಾಗಿದ್ದಾನೆ ಎಂದು. ಸತ್ತ ಎಂದೂ ಇಲ್ಲ, ಇದ್ದಾನೆ ಎಂದೂ ಇಲ್ಲ. ಮಾಕಳಿದುರ್ಗದ ಕಡೆಯಿಂದ ಮಿಲಿಟರಿ ರೈಲು ಕೂಗಿಕೊಂಡು ಬಂದರೆ ಪಿಳ್ಳಮ್ಮನ ರಾಟೆ ಗಕ್ಕನೆ ನಿಲ್ಲುತ್ತಿತ್ತು. ರೈಲು ಹೋದಮೇಲೆ ಮತ್ತೆ ತಿರುಗುತ್ತಿತ್ತು.

ಸಂಕ್ರಾಂತಿ ಕಳೆದಮೇಲೆ ಅವಳ ಮಾವ ಹನುಮಂತಪ್ಪನವರು ಬಂದರು. ಒಳ್ಳೆಯ ಮನುಷ್ಯ. ಜಗಲಿಯ ಮೇಲೆ ಕೂತು ನೆಲ ನೋಡಿಕೊಂಡೇ ಮಾತಾಡಿದರು. "ನಂಗೇನು ಆಸೇನಾ ಅಮ್ಮಯ್ಯ? ಚಿಕ್ಕೋನ್ ಮದ್ವೆ ಗೊತ್ತಾಗೈತೆ. ದೊಡ್ಡೋನ್ದು ಇದೂ ಇಲ್ಲ ಅದೂ ಇಲ್ಲ ಅಂತಿರುವಾಗ ಮನೇಲಿ ಚಪ್ಪರ ಹಾಕಂಗಿಲ್ಲ ಅಂತಾರೆ ಕುಲದೋರು" ಎಂದರು. ಕುಲದ ಯಜಮಾನರ ತೀರ್ಮಾನ ಹೀಗಿತ್ತು: ಯುಗಾದಿಯೊಳಗೆ ಮುನಿಯಪ್ಪ ಬದುಕಿರುವ ಸುದ್ದಿ ಬರಬೇಕು. ಬರದಿದ್ದರೆ ಅವನ ಕರ್ಮ ಮಾಡಿ ಮುಗಿಸಬೇಕು. ಕರ್ಮ ಮಾಡುವುದೆಂದರೆ ಪಿಳ್ಳಮ್ಮನ ಕುಂಕುಮ ಅಳಿಸಿ, ಬಳೆ ಒಡೆದು, ತಾಳಿ ತೆಗೆಯುವುದು. ಒಳಗೆ ಕೂತಿದ್ದ ಪಿಳ್ಳಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಹೊರಗೆ ಬಂದು ಮಾವನಿಗೆ ಮಜ್ಜಿಗೆ ಕೊಟ್ಟಳು. ಅವರು ತಲೆ ಎತ್ತಲಿಲ್ಲ.

ಟೆಂಟು ಬಂದದ್ದು ಇದಾದಮೇಲೆ. ಕೆರೆಯ ಕಡೆಯ ಬಯಲಿನಲ್ಲಿ ಗೂಟ ಹೊಡೆದರು. ಟೆಂಟಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಮುತ್ಸದ್ದಿಗೆ ಒಂದು ಕಷ್ಟ ಬಂದಿತ್ತು. ಹಿಂದಿನ ಊರಿನಲ್ಲಿ ಗಾಳಿಗೆ ಅವನ ಪರದೆ ಹರಿದು ಹೋಗಿತ್ತು. ಎಲ್ಲಿಂದಲೋ ನೂಲು ಹೊಂದಿಸಿಕೊಂಡು ಬಂದು ನಮ್ಮವರ ಮುಂದೆ ಇಟ್ಟು, ಬಿಳಿ ಬಟ್ಟೆ ನೇಯ್ದು ಕೊಡಿ ಎಂದ. ನಮ್ಮ ಮಗ್ಗಕ್ಕೂ ಬಹಳ ದಿನದಮೇಲೆ ಜೀವ ಬಂತು. ಅಷ್ಟಗಲದ ಪರದೆ ಒಂದೇ ಮಗ್ಗದಲ್ಲಿ ಆಗುವುದಲ್ಲ. ಪಟ್ಟಿಪಟ್ಟಿಯಾಗಿ ನೇಯ್ದು ಉದ್ದುದ್ದಕ್ಕೆ ಜೋಡಿಸಬೇಕು. ಹೊಲಿದವರು ನಾನು ಮತ್ತು ಪಿಳ್ಳಮ್ಮ. ನಟ್ಟನಡುವಿನ ಹೊಲಿಗೆ ಅವಳದು. ಒಂದು ಕಡೆ ಸ್ವಲ್ಪ ಸೊಟ್ಟ. ಆ ಬೇಸಿಗೆಯಲ್ಲಿ ಯಾವ ನಾಯಕಿ ಬಂದು ನಡುವೆ ನಿಂತರೂ ಅವಳ ಮೂಗಿನ ಮೇಲೆ ಪಿಳ್ಳಮ್ಮನ ಹೊಲಿಗೆ. "ನಮ್ ಪಿಳ್ಳಿ ಕೈಲಿ ಮೂಗು ಕುಯ್ಯಿಸ್ಕಂಡ್ಲು" ಎಂದು ಹೆಂಗಸರು ನಗುತ್ತಿದ್ದರು. ಪರದೆಯ ಉಪಕಾರಕ್ಕೆ ನಮ್ಮ ಮನೆಯ ಹೆಂಗಸರಿಗೆ ಟೆಂಟಿನಲ್ಲಿ ತಡೆಯಿಲ್ಲ ಎಂದ ಮುತ್ಸದ್ದಿ. ಹೊತ್ತು ಮುಳುಗಿ ಗ್ರಾಮಫೋನಿನಲ್ಲಿ ದೇವರ ಹಾಡು ಹಾಕಿದರೆ ಆಟ ಶುರುವಾಗುತ್ತದೆ ಎಂದು ಅರ್ಥ. ನಾವಿಬ್ಬರೂ ಚಾಪೆ ಸುರುಳಿ ಸುತ್ತಿಕೊಂಡು ಓಡುತ್ತಿದ್ದೆವು.

ಬೀದಿಯ ಎಲ್ಲ ಹೆಂಗಸರಿಗೂ ಹೋಗಲು ಆಗುತ್ತಿರಲಿಲ್ಲ. ಆದ್ದರಿಂದ ಮಾರನೆಯ ದಿನ ನಮ್ಮ ಪಡಸಾಲೆಯಲ್ಲಿ ಸಭೆ ಸೇರುತ್ತಿತ್ತು. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಹೆಂಗಸರದು. ಒಬ್ಬೊಬ್ಬರೂ ತಮ್ಮ ರಾಟೆ ಎತ್ತಿಕೊಂಡು ಬಂದು ಪಿಳ್ಳಮ್ಮನ ಸುತ್ತ ಕೂರುವರು. "ಹೆಂಗಿತ್ತೇ ಪಿಚ್ಚರ್ರು?" ಅಷ್ಟು ಕೇಳಿದರೆ ಸಾಕು. ಕತೆ ಹೇಳುವುದು ಅವಳಿಗೆ ಬೇಕಿರಲಿಲ್ಲ. ಅದನ್ನು ನಾನು ಹೇಳುತ್ತಿದ್ದೆ. ಅವಳದು ಏನಿದ್ದರೂ ತೀರ್ಪು.

ಮೊದಲು ಬಂದದ್ದು ದೇವರ ಪಿಚ್ಚರ್. ಮೋಡದಿಂದ ದೇವರು ಇಳಿದಾಗ ಟೆಂಟಿನಲ್ಲಿ ಪಟಪಟ ತೆಂಗಿನಕಾಯಿ ಒಡೆದರು, ಪರದೆಗೆ ಮಂಗಳಾರತಿ ಎತ್ತಿದರು. ಪಿಳ್ಳಮ್ಮನೂ ಕೆನ್ನೆ ಕೆನ್ನೆ ಬಡಿದುಕೊಂಡಳು. ಬೆಳಿಗ್ಗೆ ಮಾತ್ರ ತೀರ್ಪು ಬೇರೆ. "ದೇವ್ರು ಚೆನ್ನಾಗವ್ನೆ ಕಣ್ರೇ, ಪೀತಾಂಬ್ರ ಚೆನ್ನಾಗಿಲ್ಲ. ಮೋಡದ್ ಮೇಲಿರುವಾಗ ಅಂಚು ದೊಡ್ಡದು, ನೆಲಕ್ಕಿಳಿಯೋ ಹೊತ್ಗೆ ಸಣ್ಣದು. ದಾರೀಲಿ ಬಟ್ಟೆ ಬದ್ಲಾಯ್ಸಿದ್ನಾ?" ನಾವ್ಯಾರೂ ಅದನ್ನು ನೋಡಿರಲಿಲ್ಲ. ನೇಕಾರರ ಮನೆಯ ಹೆಣ್ಣಿನ ಕಣ್ಣು ಅದು. ಮುಖಕ್ಕಿಂತ ಮೊದಲು ಅಂಚು ನೋಡುತ್ತದೆ.

ಆಮೇಲೆ ಬಂದದ್ದು ಹಿಂದಿಯ ಹೊಡೆದಾಟದ ಪಿಚ್ಚರ್. ಷರಾಯಿ ಹಾಕಿದ ಹೆಂಗಸೊಬ್ಬಳು ಕುದುರೆ ಹತ್ತಿ, ಚಾಟಿ ಬೀಸಿ, ಗಂಡಸರನ್ನೆಲ್ಲ ಬಾವಿಗೆ ತಳ್ಳುತ್ತಿದ್ದಳು. ನಮ್ಮತ್ತೆಗೆ ಅಸಹ್ಯವಾಯಿತು. ಪಿಳ್ಳಮ್ಮನಿಗೆ ಪ್ರಾಣ. "ಒಂದ್ ಮಾತೂ ಅರ್ಥ ಆಗ್ಲಿಲ್ಲ ಅತ್ಗೆ, ಅದುಕ್ಕೇ ಚೆನ್ನಾಗಿತ್ತು" ಎಂದಳು. ಅದನ್ನು ಮೂರು ನಾಲ್ಕು ಸಲ ನೋಡಿದಳು. ದೆವ್ವದ ಪಿಚ್ಚರ್ ಬಂದಾಗ ನಾನು ಅವಳ ಬೆನ್ನ ಹಿಂದೆ ಮುಖ ಹುದುಗಿಸಿಕೊಂಡಿದ್ದೆ. ಅವಳು ಬಗ್ಗಿ ನನ್ನ ಕಿವಿಯಲ್ಲಿ, "ಸೀರೆ ನೋಡೇ, ಗಂಜಿ ಹಾಕೈತೆ. ಯಾವ್ ದೆವ್ವ ಗಂಜಿ ಹಾಕ್ಕಂಡು ಮಡಿಕೆ ಮುರಿದು ಬತ್ತದೆ?" ಎಂದಳು. ನನಗೆ ನಗು ತಡೆಯದೆ ಎಲ್ಲರ ಕೈಲೂ ಬೈಸಿಕೊಂಡೆ.

ತೆಲುಗಿನ ಒಂದು ಭಕ್ತನ ಪಿಚ್ಚರ್ ಬಂತು. ಕೊನೆಯಲ್ಲಿ ಭಕ್ತ ದೇವರ ಪಾದದಲ್ಲಿ ಪ್ರಾಣ ಬಿಡುತ್ತಾನೆ. ಹೆಂಗಸರ ಕಡೆ ಗೊಳೋ ಎಂದು ಅಳು. ಅದರ ನಡುವೆ ಪಿಳ್ಳಮ್ಮನ ದನಿ: "ಅಯ್ಯೋ, ಉಸಿರಾಡ್ತಾವ್ನೆ! ಹೊಟ್ಟೆ ನೋಡ್ರೇ!" ನಿಜವಾಗಿಯೂ ಸತ್ತವನ ಹೊಟ್ಟೆ ಏರಿ ಇಳಿಯುತ್ತಿತ್ತು. ಅಂದಿನಿಂದ ಬೀದಿಯ ಹೆಂಗಸರೆಲ್ಲ ಸತ್ತವರ ಹೊಟ್ಟೆ ನೋಡಲು ಕಲಿತೆವು. ಅಳು ಬಂದಾಗ ಅದೊಂದು ದೊಡ್ಡ ಸಮಾಧಾನ.

ಗಂಡ ದೂರದೇಶಕ್ಕೆ ಹೋಗಿ, ಹೆಂಡತಿ ಅತ್ತೆಯ ಕೈಯಲ್ಲಿ ಪಾಡುಪಟ್ಟು, ಕೊನೆಗೆ ಗಡ್ಡ ಬಿಟ್ಟುಕೊಂಡು ಗಂಡ ಬಾಗಿಲಿಗೆ ಬರುವ ತಮಿಳು ಪಿಚ್ಚರ್ ಮಾತ್ರ ಅವಳಿಗೆ ಹಿಡಿಸಲಿಲ್ಲ. ಆ ದಿನ ನಾನು ಅವಳ ಮುಖ ನೋಡಲಿಲ್ಲ. ಬೆಳಿಗ್ಗೆ ಹೆಂಗಸರು ಕೇಳಿದಾಗ, "ಬಂದ. ಅವ್ನು ಬರ್ದೇ ಹೋದ್ರೆ ಪಿಚ್ಚರ್ ಮುಗಿಯಲ್ವಲ್ಲ, ಅದುಕ್ಕೆ ಕರಸ್ಕಂಡವ್ರೆ" ಎಂದು ರಾಟೆ ಜೋರಾಗಿ ತಿರುಗಿಸಿದಳು. ನೂಲು ಕಿತ್ತುಹೋಯಿತು. ಅವಳ ಕೈಯಲ್ಲಿ ನೂಲು ಕಿತ್ತದ್ದನ್ನು ನಾನು ನೋಡಿದ್ದೇ ಅಪರೂಪ.

ಪಿಚ್ಚರಿಗೆ ಮುಂಚೆ ಯುದ್ಧದ ಸುದ್ದಿಯ ಚಿತ್ರ ಒಂದಿಷ್ಟು ಹೊತ್ತು ತೋರಿಸಲೇಬೇಕೆಂದು ಸರ್ಕಾರದ ಆಜ್ಞೆಯಿತ್ತು. ಅದು ಯಾರಿಗೂ ಬೇಡ. ಜನ ಇನ್ನೂ ಚಾಪೆ ಹಾಸುತ್ತಾ, ಕಡಲೆಕಾಯಿ ಕೊಳ್ಳುತ್ತಾ ಇರುತ್ತಿದ್ದರು. ಯುಗಾದಿ ಹತ್ತಿರ ಬಂದಿತ್ತು. ಆ ದಿನ ಹೊಸ ಸುದ್ದಿ ಚಿತ್ರ ಹಾಕಿದರು. ಅದಕ್ಕೆ ಮಾತೇ ಬರಲಿಲ್ಲ. ಟೆಂಟಿನ ಹೊರಗಿನ ಕರೆಂಟು ಎಂಜಿನ್ನಿನ ದುಗುದುಗು ಬಿಟ್ಟರೆ ಬೇರೆ ಸದ್ದಿಲ್ಲ. ಗಂಡಸರ ಕಡೆ ಶಿಳ್ಳೆ ಹೊಡೆದರು. ಪರದೆಯ ಮೇಲೆ ಯಾವುದೋ ರೈಲ್ವೇ ಸ್ಟೇಷನ್ನು. ಬರ್ಮಾದ ಕಡೆಯಿಂದ ಬಂದ ಸಿಪಾಯಿಗಳಿಗೆ ಸೀರೆಯುಟ್ಟ ಹೆಂಗಸರು ಮಗ್ಗಿನಲ್ಲಿ ಚಹಾ ಕೊಡುತ್ತಿದ್ದರು. ನಾನು, "ಅವ್ರ ಸೆರಗು ನೋಡೇ, ಬಲಗಡೆ ಹೆಗಲ ಮೇಲೆ ಹಾಕವ್ರೆ" ಎಂದೆ. ಪಿಳ್ಳಮ್ಮ, "ಆ ಕಡೇರು ಹಂಗೇ ಉಡ್ತಾರೇನೋ" ಎಂದಳು. ಅಷ್ಟು ಹೇಳಿದವಳು ನನ್ನ ಮೊಣಕೈ ಹಿಡಿದುಕೊಂಡಳು.

ನಡುವಿನ ಹೊಲಿಗೆಯ ಎಡಗಡೆ, ಹಿಂದಿನ ಸಾಲಿನಲ್ಲಿ, ಟೋಪಿ ಹಾಕಿದ ಒಬ್ಬ ಸಣಕಲು ಸಿಪಾಯಿ. ಟೋಪಿಯ ನೆರಳಿಗೆ ಅರ್ಧ ಮುಖ ಕಾಣದು. ಅವನು ಎಡಗೈಯಲ್ಲಿ ಮಗ್ಗು ಎತ್ತಿದ. ಕತ್ತು ಹಿಂದಕ್ಕೆ ಹಾಕಿದ. ತುಟಿಗೆ ತಾಗಿಸದೆ ಕುಡಿದು, ಬಾಯನ್ನು ಭುಜಕ್ಕೆ ಒರೆಸಿಕೊಂಡ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದು ಬೇರೆ ಚಿತ್ರ ಬಂತು. "ಅತ್ಗೆ" ಎಂದಳು. ಅಂದು ತೋರಿಸಿದ ಪಿಚ್ಚರ್ ಯಾವುದೆಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ.

ಮಾರನೆಯ ಸಂಜೆ ನಮ್ಮವರನ್ನೂ ನಮ್ಮತ್ತೆಯನ್ನೂ ಕರೆದುಕೊಂಡು ಹೋದೆವು. ಮತ್ತೆ ಅದೇ ಸುದ್ದಿ, ಅದೇ ಮೂಕ ಚಿತ್ರ. "ನಡುಮಧ್ಯದ ಹೊಲಿಗೆ ಎಡಗಡೆ ಕಣ್ಣಿಡ್ರಿ" ಎಂದು ಪಿಳ್ಳಮ್ಮ ಮೊದಲೇ ಹೇಳಿದ್ದಳು. ಅವನು ಬಂದ, ಎಡಗೈಯಲ್ಲಿ ಕುಡಿದ, ಭುಜಕ್ಕೆ ಒರೆಸಿದ. ನಮ್ಮತ್ತೆ ಮರಳಿನಿಂದ ಎದ್ದೇ ಬಿಟ್ಟರು. "ಅಯ್ಯೋ ಕಂದಾ, ನೀರಿನ್ ಕೈ ಅದೇ! ಕುಡಿಯಪ್ಪಾ, ಯಾವ್ ಕೈಲಾದ್ರೂ ಕುಡಿ" ಎಂದು ಪರದೆಗೆ ಕೈ ಮುಗಿದರು. ಶನಿ ಎಂದು ಬೈಯುತ್ತಿದ್ದ ಬಾಯಿ ಅದು. ಮುಖದ ಗುರುತು ನಮಗ್ಯಾರಿಗೂ ಸಿಕ್ಕಿರಲಿಲ್ಲ. ಕೈಯ ಗುರುತು ಎಲ್ಲರಿಗೂ ಸಿಕ್ಕಿತ್ತು. ಮನೆಗೆ ಬಂದು ಪಿಳ್ಳಮ್ಮ ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟುಕೊಂಡಳು. ನಾಚಿಕೆಯಿಲ್ಲದೆ ಕನ್ನಡಿಯ ಮುಂದೆ ನಿಂತು, "ಸಣ್ಣಗಾಗವ್ರೆ ಅಲ್ವಾ ಅತ್ಗೆ? ಬಂದ್ರೆ ತುಪ್ಪ ಹಾಕಿ ಸಾಕ್ಬೇಕು" ಎಂದಳು.

ಬೆಳಿಗ್ಗೆಯೇ ನಮ್ಮವರು ವಿಜಯಪುರಕ್ಕೆ ಹೋದರು. ಹುಡುಗ ಬದುಕಿದ್ದಾನೆ, ನಾವೇ ಕಣ್ಣಾರೆ ನೋಡಿದ್ದೇವೆ, ನೀವೂ ಬಂದು ನೋಡಿ ಎಂದರು. ಹೀಗೆ ನಮ್ಮ ಕುಲದ ಯಜಮಾನರು, ಇಬ್ಬರು ಹಿರಿಯರು, ಹನುಮಂತಪ್ಪನವರು ಗಾಡಿ ಕಟ್ಟಿಸಿಕೊಂಡು ಸಿನಿಮಾ ಟೆಂಟಿಗೆ ಬಂದರು. ಹುಟ್ಟಿದಾಗಿನಿಂದ ಅವರು ಟೆಂಟಿನ ಕಡೆ ತಲೆ ಹಾಕಿದವರಲ್ಲ. ಪಂಚಾಯಿತಿಗೆ ಬರುವಂತೆ ಪೇಟ ಸುತ್ತಿ, ಶಲ್ಯ ಹೊದ್ದು ಬಂದಿದ್ದರು. ಮುತ್ಸದ್ದಿ ಓಡಾಡಿ ಮುಂದುಗಡೆ ಬೆಂಚು ಹಾಕಿಸಿದ. ಆ ಸುದ್ದಿ ಚಿತ್ರವನ್ನು ಇವತ್ತು ಬದಲಾಯಿಸಬಾರದೆಂದು ನಮ್ಮವರು ಅವನಿಗೆ ಹೇಳಿಟ್ಟಿದ್ದರು. ಬಿದಿರು ತಟ್ಟಿಯ ಈಚೆ, ಹೆಂಗಸರ ಕಡೆ, ನಾವು ಮೂವರು ಕೂತೆವು. ಪಿಳ್ಳಮ್ಮ ತನ್ನ ಮದುವೆಯ ಸೀರೆ ಉಟ್ಟಿದ್ದಳು.

ದೀಪ ಆರಿತು. ಚಿತ್ರ ಶುರುವಾಯಿತು. ಶುರುವಾದ ಕೂಡಲೇ ವಾದ್ಯದ ಸದ್ದು, ಯಾರೋ ಗಂಡಸು ಗಟ್ಟಿಯಾಗಿ ಮಾತನಾಡುವ ಸದ್ದು. ಮೂಕ ಚಿತ್ರಕ್ಕೆ ಮಾತು ಬಂದಿತ್ತು. "ಇವತ್ತು ಸರಿಯಾಗೈತೆ" ಎಂದು ನಮ್ಮತ್ತೆಗೆ ಸಂತೋಷ. ಸ್ಟೇಷನ್ನು ಬಂತು, ಚಹಾ ಕೊಡುವ ಹೆಂಗಸರು ಬಂದರು. ಅವರ ಸೆರಗು ಎಡ ಹೆಗಲ ಮೇಲಿತ್ತು, ನನ್ನದು ಇದ್ದ ಹಾಗೆ, ಪಿಳ್ಳಮ್ಮನದು ಇದ್ದ ಹಾಗೆ. ನಾನು ಹೊಲಿಗೆಯ ಎಡಗಡೆಯೇ ನೋಡುತ್ತಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಟೋಪಿಯ ಸಿಪಾಯಿ ಹೊಲಿಗೆಯ ಬಲಗಡೆ ನಿಂತಿದ್ದ. ಬಲಗೈಯಲ್ಲಿ ಮಗ್ಗು ಎತ್ತಿದ, ಕತ್ತು ಹಿಂದಕ್ಕೆ ಹಾಕಿ ಕುಡಿದ, ಬಾಯನ್ನು ಭುಜಕ್ಕೆ ಒರೆಸಿಕೊಂಡ. ಪಿಳ್ಳಮ್ಮನ ಉಗುರು ನನ್ನ ತೋಳಿಗೆ ಇಳಿಯಿತು.

ಆಗಲೇ ಗಂಡಸರ ಕಡೆಯಿಂದ ಹನುಮಂತಪ್ಪನವರ ಕೂಗು ಕೇಳಿಸಿತು. "ನನ್ ಮಗ ಕಣ್ರಪ್ಪೋ! ಅವ್ನೇ! ಬಲಗೈಲಿ ಕುಡೀತಾವ್ನೆ, ನೋಡಿದ್ರಾ? ಎಷ್ಟ್ ಹೊಡೆದಿದ್ದೆ ನಾನು. ಪಲ್ಟನ್ನಿಗೆ ಹೋದ್ಮೇಲೆ ಕಲ್ತವ್ನೆ!" ಆ ಮುದುಕರ ದನಿಯಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಯಜಮಾನರು ಕೈ ಎತ್ತಿದರು. ಮುತ್ಸದ್ದಿ ಆಟ ನಿಲ್ಲಿಸಿ ಪೆಟ್ರೊಮ್ಯಾಕ್ಸ್ ದೀಪ ತರಿಸಿದ. ಟೆಂಟಿನ ಜನಕ್ಕೆಲ್ಲ ಏನೋ ನಡೆಯುತ್ತಿದೆ ಎಂದು ಗೊತ್ತಾಗಿ ಸದ್ದಡಗಿತು. "ಹೆತ್ತೋನೇ ಗುರುತು ಹಿಡಿದ್ಮೇಲೆ ನಾವು ಬೇರೆ ಮಾತಾಡಾದಿಲ್ಲ" ಎಂದರು ಯಜಮಾನರು. "ಆದ್ರೂ ಕಟ್ಕಂಡ ಹೆಂಗಸು ಒಂದ್ ಮಾತು ಹೇಳ್ಬೇಕು. ಪಿಳ್ಳಮ್ಮಾ, ಹೇಳವ್ವ. ಅವ್ನೇನಾ?"

ಹೂಂ ಎಂದರೆ ಸಾಕಿತ್ತು. ಬಳೆ ಉಳಿಯುತ್ತಿತ್ತು, ಕುಂಕುಮ ಉಳಿಯುತ್ತಿತ್ತು, ಚಿಕ್ಕವನ ಮದುವೆಯೂ ಆಗುತ್ತಿತ್ತು. ನಮ್ಮತ್ತೆ "ಹೂಂ ಅನ್ನೇ" ಎಂದು ಅವಳ ತೊಡೆ ಹಿಂಡುತ್ತಿದ್ದರು. ನಾನೂ ಮನಸ್ಸಿನಲ್ಲಿ ಅದನ್ನೇ ಬೇಡುತ್ತಿದ್ದೆ. ಪಿಳ್ಳಮ್ಮ ಎದ್ದು ನಿಂತಳು. ತಟ್ಟಿಯ ಮೇಲಿಂದ ಆಪರೇಟರನ ಕಡೆ ತಿರುಗಿ, "ಅಣ್ಣಾ, ಮೊನ್ನೆ ಆಡ್ಸಿದ್ದು ಸರಿನಾ, ಇವತ್ತು ಆಡ್ಸಿದ್ದು ಸರಿನಾ?" ಎಂದು ಕೇಳಿದಳು.

ಅವನು ಕೋಲಾರದ ಕಡೆಯ ಹುಡುಗ, ಮಣಿ ಎಂದು. ಪಾಪ, ಅವನಿಗೇನು ಗೊತ್ತು. "ಇವತ್ತಿಂದೇ ಸರಿ ಅಕ್ಕಾ" ಎಂದ ಹೆಮ್ಮೆಯಿಂದ. "ಎರಡು ದಿನ ರೀಲು ತಿರುವು ಮುರುವು ಏರ್ಬಿಟ್ಟಿತ್ತು, ಅದುಕ್ಕೇ ಮಾತು ಬರ್ಲಿಲ್ಲ. ಎಡ ಬಲ ಎಲ್ಲಾ ಅದಲು ಬದಲು. ದೊಡ್ಡೋರು ಬತ್ತಾರೆ ಅಂದ್ರಲ್ಲ, ಬಿಚ್ಚಿ ಸರಿಯಾಗ್ ಸುತ್ತಿ ಹಾಕ್ದೆ."

ನೇಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಯ ಒಳಮಗ್ಗುಲು ಮೇಲೆ ಮಾಡಿ ಹಾಸಿದರೆ ಎಡಕ್ಕಿದ್ದ ಹೂವು ಬಲಕ್ಕೆ ಬರುತ್ತದೆ. ಪಿಳ್ಳಮ್ಮ ತನ್ನ ಎಡ ಹೆಗಲ ಮೇಲಿನ ಸೆರಗು ಮುಟ್ಟಿ ನೋಡಿಕೊಂಡಳು. ಆಮೇಲೆ ಮಾವನ ಕಡೆ ತಿರುಗಿದಳು. "ಅವ್ರಲ್ಲ ಮಾವ" ಎಂದಳು. "ಅವ್ರು ಕಲೀತಿರ್ಲಿಲ್ಲ. ನೀವು ಹೊಡುದ್ರೂ ಕಲೀಲಿಲ್ಲ."

ಹನುಮಂತಪ್ಪನವರು ಬೆಂಚಿನ ಮೇಲೆ ಕೂತವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಪಿಳ್ಳಮ್ಮ ನನ್ನ ಪಕ್ಕ ಕೂತು, ನನಗೊಬ್ಬಳಿಗೇ ಕೇಳುವಂತೆ, "ಸೆರಗು ನೋಡಿದ್ದೆ ಅತ್ಗೆ. ನೀನೂ ಹೇಳ್ದೆ. ದೇವ್ರ ಅಂಚು ಬಿಡ್ದೋಳು ಅದುನ್ನ ಬಿಟ್ಬಿಟ್ಟೆ" ಎಂದಳು.

ಮನೆಗೆ ಹೋಗೋಣ ಎಂದೆ. ಬೇಡ ಎಂದಳು, ಪಿಚ್ಚರ್ ನೋಡಿಕೊಂಡೇ ಹೋಗೋಣ ಎಂದಳು. ಟೆಂಟಿನಿಂದ ಎದ್ದರೆ ಮುಂದೆ ಏನು ಕಾದಿದೆ ಎಂದು ಅವಳಿಗೆ ಗೊತ್ತಿತ್ತು. ಕೂತಿರುವಷ್ಟು ಹೊತ್ತು ಅವಳು ಮುತ್ತೈದೆ. ಅಂದಿನದು ನಗಿಸುವ ಪಿಚ್ಚರ್. ಹೆಂಡತಿಯ ಸೀರೆ ಉಟ್ಟು ಮಾವನ ಮನೆಯಿಂದ ತಪ್ಪಿಸಿಕೊಂಡು ಓಡುವ ಪೆದ್ದನೊಬ್ಬನ ಕತೆ. ಸ್ವಲ್ಪ ಹೊತ್ತಿಗೆ ಜನ ಎಲ್ಲ ಮರೆತು ಬಿದ್ದು ಬಿದ್ದು ನಕ್ಕರು. ಪೆದ್ದ ಓಡುವಾಗ ಪಿಳ್ಳಮ್ಮನ ಹೊಲಿಗೆ ಅವನ ಹೊಟ್ಟೆಯ ಮೇಲೆ ಹಾದುಹೋಗುತ್ತಿತ್ತು. ಅವಳು ಕಣ್ಣು ಕೀಳದೆ ಕೊನೆಯವರೆಗೂ ನೋಡಿದಳು, ಕೈಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಕೆಳಕ್ಕೆ ಸರಿಸುತ್ತಾ. ದಾರಿಯಲ್ಲಿ ಬರುವಾಗ ಅಭ್ಯಾಸಬಲದಿಂದ ನನ್ನ ಬಾಯಿಂದ ಬಂದುಬಿಟ್ಟಿತು, "ಹೆಂಗಿತ್ತೇ ಪಿಚ್ಚರ್ರು?" ಎಂದು. "ಚೆನ್ನಾಗಿತ್ತು" ಎಂದಳು. ಆ ಬೇಸಿಗೆಯಲ್ಲಿ ಅವಳು ತಪ್ಪು ಹುಡುಕದೆ ಬಿಟ್ಟ ಪಿಚ್ಚರ್ ಅದೊಂದೇ.

ಮಳೆಗಾಲಕ್ಕೆ ಮುಂಚೆ ಟೆಂಟು ಕಿತ್ತುಕೊಂಡು ಹೋದರು. ಯುದ್ಧ ಮುಗಿಯಿತು. ಸೈನ್ಯಕ್ಕೆ ಹೋದವರು ಕೆಲವರು ಹಿಂದಕ್ಕೆ ಬಂದರು. ಅವಳ ಮಾತು ಸುಳ್ಳಾಗಲಿ, ಮುನಿಯಪ್ಪ ಬಂದು ನಮ್ಮ ಬಾಗಿಲಲ್ಲಿ ಚೊಂಬು ಕೇಳಲಿ ಎಂದು ನಾನು ಕಾದದ್ದಕ್ಕೆ ಲೆಕ್ಕವಿಲ್ಲ. ಅವನು ಬರಲಿಲ್ಲ. ಪಿಳ್ಳಮ್ಮ ನಮ್ಮ ಮನೆಯಲ್ಲೇ ಕಂಡಿಕೆ ಸುತ್ತುತ್ತಾ ಮುದುಕಿಯಾದಳು, ಹೋದಳು. ಊರಿಗೆ ಗೋಡೆಯ ಟಾಕೀಸು ಬಂದಮೇಲೂ ಅವಳು ಒಳಗೆ ಕಾಲಿಡಲಿಲ್ಲ. ನಾವು ನೋಡಿ ಬಂದು ಹೇಳಿದರೆ ಕೇಳುತ್ತಿದ್ದಳು. ಒಮ್ಮೆಯೂ ತೀರ್ಪು ಹೇಳಲಿಲ್ಲ.

ನನ್ನ ಕಣ್ಣಿಗೆ ಕಟ್ಟಿರುವುದು ಆ ವರ್ಷದ ಯುಗಾದಿ ಕಳೆದಮೇಲಿನ ಒಂದು ಬೆಳಗು. ಹೆಣ ಸಿಗದವರ ಕರ್ಮಕ್ಕೆ ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ ಮಲಗಿಸುತ್ತಾರೆ. ಕೆರೆ ಏರಿಯ ಕೆಳಗೆ ಹಾಗೆ ಮಲಗಿಸಿ, ನಮ್ಮ ಮಗ್ಗದ ಬಿಳಿ ಬಟ್ಟೆ ಹೊದಿಸಿದ್ದರು. ಪರದೆಗೆ ನೇಯ್ದು ಮಿಕ್ಕಿದ್ದ ಬಟ್ಟೆ ಅದು. ಬೇರೆ ನೂಲು ಆಗ ಎಲ್ಲಿತ್ತು? ಪಿಳ್ಳಮ್ಮನನ್ನು ನಾನೂ ನಮ್ಮತ್ತೆಯೂ ಹಿಡಿದುಕೊಂಡು ಕರೆತಂದೆವು. ಹೆಂಗಸರು ಅಳುತ್ತಿದ್ದರು. ಅವಳು ಅಳಲಿಲ್ಲ. ಕೆರೆಯ ಕಡೆಯಿಂದ ಸಣ್ಣ ಗಾಳಿ ಬಂದು ದರ್ಭೆಯ ಮೇಲಿನ ಬಟ್ಟೆ ನಡುವಿನಲ್ಲಿ ಒಂದಿಷ್ಟು ಏರಿತು, ಮತ್ತೆ ಇಳಿಯಿತು. ಅವಳು ಮುಖ ಇರಬೇಕಾದ ಕಡೆ ನೋಡುತ್ತಿರಲಿಲ್ಲ.

"ಅತ್ಗೆ" ಎಂದಳು ಮೆಲ್ಲಗೆ. "ಹೊಟ್ಟೆ ನೋಡೇ."

ನಾನು ನೋಡಿದೆ. ಗಾಳಿ ನಿಂತಿತು. ಆಮೇಲೆ ಅವಳು ತಾನಾಗಿಯೇ ಬಳೆ ತೊಟ್ಟ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು.